ಸಮವಸ್ತ್ರ ಕಳಚಿದ ಮೇಲೆ: ನಿವೃತ್ತ ಸೇನಾಧಿಕಾರಿ, ರಕ್ಷಣಾ ಸಲಹೆ ಮತ್ತು ವಿದೇಶಾಂಗ ನೀತಿ

ಭಾರತೀಯ ಭೂಸೇನೆಯ ಕರ್ನಲ್ 54ನೇ ವಯಸ್ಸಿಗೆ ನಿವೃತ್ತರಾಗುತ್ತಾರೆ. ಬ್ರಿಗೇಡಿಯರ್ 56ಕ್ಕೆ, ಮೇಜರ್ ಜನರಲ್ 58ಕ್ಕೆ, ಲೆಫ್ಟಿನೆಂಟ್ ಜನರಲ್ 60ಕ್ಕೆ. ಬೇರೆ ವೃತ್ತಿಗಳಲ್ಲಿ ಮನುಷ್ಯ ತನ್ನ ಅನುಭವದ ಪೂರ್ತಿ ಬೆಲೆ ಪಡೆಯುವ ವಯಸ್ಸಿನಲ್ಲಿ ಇವರು ಮನೆಗೆ ಬರುತ್ತಾರೆ. ಎಷ್ಟೋ ಮನೆಗಳಲ್ಲಿ ಮಕ್ಕಳ ಓದು ಮುಗಿದಿರುವುದಿಲ್ಲ, ಸಾಲ ತೀರಿರುವುದಿಲ್ಲ. ಆದರೆ ಅವರ ತಲೆಯಲ್ಲಿರುವುದು ಹಣ ಕೊಟ್ಟರೂ ಎಲ್ಲೂ ಸಿಗದ ತಿಳಿವಳಿಕೆ. ಸಿಯಾಚಿನ್‌ನ ಚಳಿಯಲ್ಲಿ ಯಾವ ಯಂತ್ರ ಕೈಕೊಡುತ್ತದೆ, ಹೊಸ ಫಿರಂಗಿಗೆ ಸೇನೆ ಯಾವ ಗುಣ ಬಯಸುತ್ತದೆ, ಸಚಿವಾಲಯದಲ್ಲಿ ಕಡತ ಯಾವ ಮೇಜಿನ ಮೇಲೆ ನಿಲ್ಲುತ್ತದೆ, ನೆರೆದೇಶದ ಸೇನಾಪತಿ ಹೇಗೆ ಯೋಚಿಸುತ್ತಾನೆ ಎಂಬುದೆಲ್ಲ ಅದರಲ್ಲಿ ಸೇರಿದೆ.

ಈ ತಿಳಿವಳಿಕೆ ಯಾರಿಗೆ ಸಲ್ಲಬೇಕು? ಶಸ್ತ್ರ ತಯಾರಿಸುವ ಕಂಪನಿಗೆ ಸಲಹೆಗಾರರಾಗಿ ಅವರು ಅದನ್ನು ಕೊಡಬಹುದೇ? ವಿದೇಶಿ ಸರ್ಕಾರಕ್ಕೆ? ಟಿವಿಯಲ್ಲಿ ಯುದ್ಧದ ವಿಶ್ಲೇಷಣೆಗೆ ಕೂತಾಗ ತಮಗೆ ಹಣ ಕೊಡುವ ಕಂಪನಿಯ ಹೆಸರನ್ನೂ ಅವರು ಹೇಳಬೇಕೇ? ನಾಳೆ ಅವರೇ ರಾಷ್ಟ್ರೀಯ ಭದ್ರತಾ ಸಲಹೆಗಾರರೋ ರಾಯಭಾರಿಯೋ ಆಗಿ ಸರ್ಕಾರಕ್ಕೆ ಮರಳಿದರೆ ಹಳೆಯ ಗಿರಾಕಿಗಳನ್ನು ಏನು ಮಾಡಬೇಕು? ಅರವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ನಡೆದಿರುವ ಈ ವಾದ ಅತಿ ಹೆಚ್ಚು ಬೆಳೆದಿರುವುದು ಅಮೆರಿಕದಲ್ಲಿ. ಅದರ ಅಂಕಿ ಅಂಶ, ಕಾನೂನು, ಹಗರಣ, ಸಿದ್ಧಾಂತ ಎಲ್ಲವೂ ಅಲ್ಲಿ ದಾಖಲಾಗಿವೆ. ಖಾಸಗಿ ರಕ್ಷಣಾ ಉದ್ಯಮ ಬೆಳೆಯುತ್ತಿರುವ ನಮ್ಮ ದೇಶದಲ್ಲಿ, ಅದರಲ್ಲೂ ಬೆಂಗಳೂರಿನಲ್ಲಿ, ಅದೇ ಪ್ರಶ್ನೆ ಈಗ ಬಾಗಿಲಿಗೆ ಬಂದು ನಿಂತಿದೆ.

ಎಣಿಕೆಯಿಂದ ಶುರುವಾದ ವಾದ

ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಶಸ್ತ್ರ ಕಾರ್ಖಾನೆಗಳು ಬಾಗಿಲು ಹಾಕಲಿಲ್ಲ. ಶೀತಲ ಸಮರದ ಕಾರಣಕ್ಕೆ ಖರೀದಿ ಮುಂದುವರಿಯಿತು. ಕ್ಷಿಪಣಿ, ಜೆಟ್ ವಿಮಾನ, ಅಣು ಜಲಾಂತರ್ಗಾಮಿಗಳಂಥ ಸಂಕೀರ್ಣ ಯಂತ್ರಗಳ ಮಾರುಕಟ್ಟೆಯಲ್ಲಿ ಕೊಳ್ಳುವವನು ಒಬ್ಬನೇ, ಅದು ಸರ್ಕಾರ. ಆ ಒಬ್ಬ ಗಿರಾಕಿಯ ಮನಸ್ಸು ಬಲ್ಲವರಿಗೆ ಕಂಪನಿಗಳಲ್ಲಿ ಸಹಜವಾಗಿಯೇ ಬೇಡಿಕೆ ಬಂತು.

1959ರಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿಯೊಂದು ಇದರ ವಿಚಾರಣೆ ನಡೆಸಿತು. ಅದೇ ವರ್ಷ ಸೆನೆಟರ್ ಪಾಲ್ ಡಗ್ಲಸ್ ಒಂದು ಎಣಿಕೆ ಮುಂದಿಟ್ಟರು: ದೊಡ್ಡ ನೂರು ಗುತ್ತಿಗೆ ಕಂಪನಿಗಳ ಪೈಕಿ 88ರಲ್ಲಿ ಕರ್ನಲ್ ಮತ್ತು ಅದಕ್ಕೂ ಮೇಲಿನ ದರ್ಜೆಯ 721 ನಿವೃತ್ತ ಅಧಿಕಾರಿಗಳಿದ್ದರು. 1961ರ ಜನವರಿ 17ರಂದು ಅಧ್ಯಕ್ಷ ಐಸೆನ್‌ಹೋವರ್ ತಮ್ಮ ವಿದಾಯ ಭಾಷಣದಲ್ಲಿ ಸೇನೆ ಮತ್ತು ಉದ್ಯಮ ಒಂದಾಗಿ ಗಳಿಸಬಹುದಾದ ಪ್ರಭಾವದ ಬಗ್ಗೆ ದೇಶವನ್ನು ಎಚ್ಚರಿಸಿದರು. ಅವರು ಸ್ವತಃ ಪಂಚತಾರಾ ಜನರಲ್ ಆಗಿದ್ದವರು. ಒಳಗಿನಿಂದ ಬಂದ ಮಾತಾದ್ದರಿಂದಲೇ ಅದಕ್ಕೆ ಇಂದಿಗೂ ತೂಕವಿದೆ.

1969ರಲ್ಲಿ ಸೆನೆಟರ್ ವಿಲಿಯಂ ಪ್ರಾಕ್ಸ್‌ಮೈರ್ ಮತ್ತೆ ಎಣಿಸಿದರು. ಹತ್ತು ವರ್ಷದಲ್ಲಿ ಸಂಖ್ಯೆ ಹೆಚ್ಚುಕಡಿಮೆ ಮೂರು ಪಟ್ಟಾಗಿ, 95 ಕಂಪನಿಗಳಲ್ಲಿ 2,072ಕ್ಕೆ ಏರಿತ್ತು. ಲಾಕ್‌ಹೀಡ್ ಒಂದರಲ್ಲೇ 210, ಬೋಯಿಂಗ್‌ನಲ್ಲಿ 169 ಮಂದಿ. ಪ್ರಾಕ್ಸ್‌ಮೈರ್ ಯಾರ ಮೇಲೂ ಲಂಚದ ಆರೋಪ ಹೊರಿಸಲಿಲ್ಲ. ಕೊಳ್ಳುವವರೂ ಮಾರುವವರೂ ಒಂದೇ ಬಗೆಯಲ್ಲಿ ಯೋಚಿಸತೊಡಗಿದರೆ ಬೇಡವೆನ್ನುವ ದನಿಯೇ ಅಡಗಿಹೋಗುತ್ತದೆ ಎಂಬುದು ಅವರ ಆತಂಕ. ಮುಂದಿನ ಚರ್ಚೆಗೆಲ್ಲ ಈ ಆತಂಕವೇ ತಳಪಾಯವಾಯಿತು.

ಆಮೇಲಿನ ಲೆಕ್ಕಗಳೂ ಇದೇ ದಿಕ್ಕಿನವು. ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ 2008ರಲ್ಲಿ ಕೊಟ್ಟ ವರದಿಯ ಪ್ರಕಾರ, ರಕ್ಷಣಾ ಇಲಾಖೆಯಿಂದ ಬಂದ 2,435 ಮಾಜಿ ಹಿರಿಯ ಅಧಿಕಾರಿಗಳು ಮತ್ತು ಖರೀದಿ ಅಧಿಕಾರಿಗಳು 2006ರಲ್ಲಿ 52 ಕಂಪನಿಗಳಲ್ಲಿದ್ದರು. 2010ರಲ್ಲಿ ಬಾಸ್ಟನ್ ಗ್ಲೋಬ್ ಪತ್ರಿಕೆ ಮೂರು ಮತ್ತು ನಾಲ್ಕು ನಕ್ಷತ್ರದ ಅಧಿಕಾರಿಗಳ ಜಾಡು ಹಿಡಿಯಿತು. 1994ರಿಂದ 1998ರ ನಡುವೆ ನಿವೃತ್ತರಾದವರಲ್ಲಿ ಅರ್ಧಕ್ಕಿಂತ ಕಡಿಮೆ ಜನ ರಕ್ಷಣಾ ಕಂಪನಿಗಳತ್ತ ಹೋಗಿದ್ದರೆ, 2004ರಿಂದ 2008ರ ನಡುವೆ ನಿವೃತ್ತರಾದವರಲ್ಲಿ ಶೇ 80ರಷ್ಟು ಜನ ಹೋಗಿದ್ದರು. ಒಂದು ಕಾಲಕ್ಕೆ ಕೆಲವರ ಆಯ್ಕೆಯಾಗಿದ್ದುದು ಅಷ್ಟರಲ್ಲಿ ಬಹುಪಾಲು ಜನರ ದಾರಿಯಾಗಿತ್ತು.

ಒಬ್ಬ ಜನರಲ್‌ನ ಎರಡನೇ ಬದುಕು

ಸಂಖ್ಯೆಯಲ್ಲಿ ಮನುಷ್ಯ ಕಾಣುವುದಿಲ್ಲ. ಈ ದಾರಿ ಹಿಡಿದವರ ಪೈಕಿ ಅತ್ಯಂತ ಗೌರವ ಪಡೆದ ಬ್ರೆಂಟ್ ಸ್ಕೋಕ್ರಾಫ್ಟ್ ಅವರನ್ನು ನೋಡಿದರೆ ಪ್ರಶ್ನೆ ಎಷ್ಟು ಜಟಿಲ ಎಂಬುದು ತಿಳಿಯುತ್ತದೆ.

ಯೂಟಾ ರಾಜ್ಯದ ಆಗ್ಡನ್‌ನಲ್ಲಿ 1925ರಲ್ಲಿ ಹುಟ್ಟಿದ ಅವರು 1947ರಲ್ಲಿ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಿಂದ ಹೊರಬಂದು ಯುದ್ಧವಿಮಾನದ ಪೈಲಟ್ ಆದರು. ತರಬೇತಿಯ ದಿನಗಳಲ್ಲೇ ವಿಮಾನ ನೆಲಕ್ಕಪ್ಪಳಿಸಿ ಬೆನ್ನುಮೂಳೆ ಮುರಿಯಿತು. ಯುದ್ಧದಲ್ಲಿ ಹಾರುವ ಕನಸು ಅಲ್ಲಿಗೆ ಮುಗಿದು ಓದು, ಪಾಠ, ನೀತಿ ನಿರೂಪಣೆಯ ದಾರಿ ತೆರೆಯಿತು. ಅಧ್ಯಕ್ಷ ನಿಕ್ಸನ್ ಅವರ ಸೇನಾ ಸಹಾಯಕ, ರಾಷ್ಟ್ರೀಯ ಭದ್ರತಾ ಸಲಹೆಗಾರ ಕಿಸಿಂಜರ್ ಅವರ ಉಪಾಧಿಕಾರಿ ಎಲ್ಲ ಆಗಿ 1975ರಲ್ಲಿ ಅಧ್ಯಕ್ಷ ಫೋರ್ಡ್ ಅವರ ರಾಷ್ಟ್ರೀಯ ಭದ್ರತಾ ಸಲಹೆಗಾರರಾದರು. ಅದೇ ಹೊತ್ತಿಗೆ ಲೆಫ್ಟಿನೆಂಟ್ ಜನರಲ್ ಹುದ್ದೆಯಲ್ಲಿ ವಾಯುಪಡೆಯಿಂದ ನಿವೃತ್ತರಾದರು.

ಸರ್ಕಾರ ಬದಲಾಯಿತು. 1982ರಲ್ಲಿ ಕಿಸಿಂಜರ್ ಅಸೋಸಿಯೇಟ್ಸ್ ಎಂಬ ಸಲಹಾ ಸಂಸ್ಥೆ ಶುರುವಾದಾಗ ಸ್ಕೋಕ್ರಾಫ್ಟ್ ಅದರ ಉಪಾಧ್ಯಕ್ಷರಾದರು. ದೊಡ್ಡ ಬಹುರಾಷ್ಟ್ರೀಯ ಕಂಪನಿಗಳಿಗೆ ಯಾವ ದೇಶದಲ್ಲಿ ಏನಾಗಬಹುದೆಂದು ಹೇಳುವುದು, ಯಾರನ್ನು ಕಾಣಬೇಕೆಂದು ತಿಳಿಸುವುದು ಆ ಸಂಸ್ಥೆಯ ಕೆಲಸ. ಗಿರಾಕಿಗಳ ಪಟ್ಟಿ ಗುಟ್ಟಾಗಿತ್ತು. ಹೀಗೆ ಖಾಸಗಿಯಾಗಿ ದುಡಿಯುತ್ತಿದ್ದ ದಿನಗಳಲ್ಲೇ ಸರ್ಕಾರ ಅವರನ್ನು ಮತ್ತೆ ಮತ್ತೆ ಕರೆಯಿತು. ಎಂಎಕ್ಸ್ ಎಂಬ ಅಣ್ವಸ್ತ್ರ ಕ್ಷಿಪಣಿಯನ್ನು ಎಲ್ಲಿಡಬೇಕೆಂಬ ಜಗಳದಲ್ಲಿ ಸಂಸತ್ತೂ ರೇಗನ್ ಸರ್ಕಾರವೂ ಸಿಕ್ಕಿಬಿದ್ದಾಗ, 1983ರಲ್ಲಿ ಅವರ ಅಧ್ಯಕ್ಷತೆಯ ಆಯೋಗ ದಾರಿ ತೋರಿಸಿತು: ನೆಲದಡಿಯ ಹಳೆಯ ಉಡಾವಣಾ ಕೂಪಗಳಲ್ಲೇ 100 ಕ್ಷಿಪಣಿ ಇಡಿ, ಜೊತೆಗೆ ಒಂದೇ ಸಿಡಿತಲೆಯ ಚಿಕ್ಕ ಕ್ಷಿಪಣಿ ರೂಪಿಸಿ, ಶಸ್ತ್ರ ನಿಯಂತ್ರಣದ ಮಾತುಕತೆಯನ್ನೂ ಮುಂದುವರಿಸಿ. ಇರಾನ್‌ಗೆ ಗುಟ್ಟಾಗಿ ಶಸ್ತ್ರ ಮಾರಿದ ಹಗರಣ ಹೊರಬಂದಾಗ ಅದನ್ನು ಪರಿಶೀಲಿಸಿದ ಟವರ್ ಆಯೋಗದ ಮೂವರಲ್ಲಿ ಅವರೂ ಒಬ್ಬರು.

1989ರಲ್ಲಿ ಅಧ್ಯಕ್ಷರಾದ ಹಿರಿಯ ಬುಷ್, ಸ್ಕೋಕ್ರಾಫ್ಟ್ ಅವರನ್ನು ಮತ್ತೆ ರಾಷ್ಟ್ರೀಯ ಭದ್ರತಾ ಸಲಹೆಗಾರರನ್ನಾಗಿ ಮಾಡಿಕೊಂಡರು. ಇಬ್ಬರು ಅಧ್ಯಕ್ಷರಿಂದ ಆ ಹುದ್ದೆಗೆ ನೇಮಕಗೊಂಡವರು ಅವರೊಬ್ಬರೇ. ತಿಯಾನನ್ಮೆನ್ ಹತ್ಯಾಕಾಂಡದ ಬಳಿಕ ಅದೇ ವರ್ಷದ ಜುಲೈನಲ್ಲಿ ಅವರು ಗುಟ್ಟಾಗಿ ಬೀಜಿಂಗ್‌ಗೆ ಹೋಗಿಬಂದರು. ಚೀನಾದಲ್ಲಿ ವ್ಯವಹಾರವಿರುವ ಕಂಪನಿಗಳಿಗೆ ಸಲಹೆ ಕೊಡುತ್ತಿದ್ದ ಸಂಸ್ಥೆಯಿಂದ ಬಂದವರು ಚೀನಾ ನೀತಿ ರೂಪಿಸುತ್ತಿದ್ದಾರೆಂದು ಟೀಕೆ ಎದ್ದಿತು. ಅವರ ಚೀನಾ ನಿಲುವು ಕಿಸಿಂಜರ್ ಕಾಲದಿಂದಲೂ ಇದ್ದದ್ದೇ, ಹಣದಿಂದ ಬಂದದ್ದಲ್ಲ ಎಂದು ಸಮರ್ಥಕರು ಹೇಳಿದರು. ಎರಡನ್ನೂ ತೂಗಿ ನೋಡುವ ಸಾಧನ ಸಾರ್ವಜನಿಕರ ಕೈಯಲ್ಲಿ ಇರಲಿಲ್ಲ. ಗಿರಾಕಿಗಳನ್ನು ಗುಟ್ಟಾಗಿಟ್ಟರೆ ಪ್ರಾಮಾಣಿಕ ಮನುಷ್ಯನಿಗೂ ತನ್ನ ಪ್ರಾಮಾಣಿಕತೆ ತೋರಿಸಲು ದಾರಿಯಿರುವುದಿಲ್ಲ. ಗುಟ್ಟಿನಿಂದ ಆಗುವ ಮೊದಲ ನಷ್ಟ ಇದೇ ಎಂದು ನಾನು ನಂಬಿದ್ದೇನೆ.

ಅಧಿಕಾರದಿಂದ ಇಳಿದ ಮೇಲೆ ಅವರು ತಮ್ಮ ಹೆಸರಿನಲ್ಲೇ ಸಲಹಾ ಸಂಸ್ಥೆ ಕಟ್ಟಿದರು. 2002ರ ಆಗಸ್ಟ್‌ನಲ್ಲಿ, ಕಿರಿಯ ಬುಷ್ ಸರ್ಕಾರ ಇರಾಕ್ ಯುದ್ಧಕ್ಕೆ ಅಣಿಯಾಗುತ್ತಿದ್ದಾಗ, ಯುದ್ಧ ಬೇಡವೆಂದು ವಾಲ್ ಸ್ಟ್ರೀಟ್ ಜರ್ನಲ್‌ನಲ್ಲಿ ಬಹಿರಂಗವಾಗಿ ಬರೆದರು. ತಮ್ಮದೇ ಪಕ್ಷದ ಸರ್ಕಾರ, ತಮ್ಮ ಆಪ್ತ ಮಿತ್ರನ ಮಗನೇ ಅಧ್ಯಕ್ಷ. ಸಲಹೆಯೇ ಜೀವನೋಪಾಯವಾದವನಿಗೆ ಶ್ವೇತಭವನದ ಬಾಗಿಲು ಮುಚ್ಚಿಕೊಳ್ಳುವುದೆಂದರೆ ಸಣ್ಣ ನಷ್ಟವಲ್ಲ. ಆದರೂ ಬರೆದರು. ನಿವೃತ್ತ ಸೇನಾಧಿಕಾರಿಯ ಮಾತಿಗೆ ಹಣದ ಬಣ್ಣ ಅಂಟಿಯೇ ಅಂಟುತ್ತದೆ ಎನ್ನುವವರು ಆ ಲೇಖನಕ್ಕೆ ಉತ್ತರ ಕೊಡಬೇಕು. ಅಂಟುವುದೇ ಇಲ್ಲ ಎನ್ನುವವರು ಗುಟ್ಟಾಗಿದ್ದ ಗಿರಾಕಿಗಳ ಪಟ್ಟಿಗೆ ಉತ್ತರ ಕೊಡಬೇಕು.

ಅನುಭವ ದೇಶದ ಆಸ್ತಿ ಎನ್ನುವವರು

ಮೊದಲ ಪಂಥದವರ ವಾದ ಸರಳ. ಶಸ್ತ್ರ ರೂಪಿಸುವ ಎಂಜಿನಿಯರ್‌ಗೆ ಯುದ್ಧಭೂಮಿ ಗೊತ್ತಿರುವುದಿಲ್ಲ, ಯುದ್ಧ ಮಾಡಿದವನಿಗೆ ಕಾರ್ಖಾನೆ ಗೊತ್ತಿರುವುದಿಲ್ಲ. ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸದಿದ್ದರೆ ಟ್ಯಾಂಕಿನೊಳಗೆ ಸೈನಿಕ ಸರಿಯಾಗಿ ಕೂರಲಾಗದಂಥ ಆಸನ ಬರುತ್ತದೆ, ಕೈಗವಸು ತೊಟ್ಟ ಬೆರಳಿಗೆ ಸಿಗದ ಗುಂಡಿ ಬರುತ್ತದೆ. ರಾಜತಾಂತ್ರಿಕತೆಗೂ ಇದೇ ಮಾತು ಅನ್ವಯಿಸುತ್ತದೆ. ಎರಡನೇ ಮಹಾಯುದ್ಧದ ಸೇನಾ ಮುಖ್ಯಸ್ಥ ಜಾರ್ಜ್ ಮಾರ್ಷಲ್ ಆಮೇಲೆ ವಿದೇಶಾಂಗ ಕಾರ್ಯದರ್ಶಿಯಾಗಿ ಯುರೋಪಿನ ಪುನರ್ನಿರ್ಮಾಣಕ್ಕೆ ಯೋಜನೆ ಕೊಟ್ಟರು, 1953ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದರು. ಯುದ್ಧದ ಬೆಲೆ ಕಂಡವನೇ ಯುದ್ಧಕ್ಕೆ ಹಿಂಜರಿಯುತ್ತಾನೆ ಎಂದು ಈ ಪಂಥದವರು ಹೇಳುತ್ತಾರೆ. ಸ್ಕೋಕ್ರಾಫ್ಟ್ ಬರೆದ ಇರಾಕ್ ಲೇಖನವನ್ನು ಅವರು ಮತ್ತೆ ಮತ್ತೆ ಎತ್ತಿ ತೋರಿಸುತ್ತಾರೆ.

ಅನುಭವಿಗಳಿಗೆ ಯಾಕೆ ಬೇಡಿಕೆ ಎಂಬುದನ್ನು ಈ ವಾದ ಚೆನ್ನಾಗಿ ವಿವರಿಸುತ್ತದೆ. ಆದರೆ ಕಂಪನಿಗಳು ವಿನ್ಯಾಸ ವಿಭಾಗಕ್ಕಿಂತ ಹೆಚ್ಚಾಗಿ ಆಡಳಿತ ಮಂಡಳಿಗೆ ಜನರಲ್‌ಗಳನ್ನು ಕರೆಯುವುದೇಕೆ ಎಂದು ಕೇಳಿದರೆ ಉತ್ತರ ಕೊಡುವುದಿಲ್ಲ. ಆಸನದ ತೊಂದರೆ ನಾಲ್ಕು ನಕ್ಷತ್ರದ ಜನರಲ್‌ಗಿಂತ ಟ್ಯಾಂಕ್ ಓಡಿಸಿದ ಹವಾಲ್ದಾರನಿಗೆ ಚೆನ್ನಾಗಿ ಗೊತ್ತು.

ಅಧಿಕಾರದ ಕೂಟ

ಎರಡನೇ ಪಂಥ ಸಮಾಜಶಾಸ್ತ್ರದಿಂದ ಬಂತು. ಸಿ. ರೈಟ್ ಮಿಲ್ಸ್ 1956ರಲ್ಲಿ ಪ್ರಕಟಿಸಿದ ‘ದಿ ಪವರ್ ಎಲೀಟ್’ ಪುಸ್ತಕದಲ್ಲಿ ಸೇನೆ, ಕಂಪನಿ, ಸರ್ಕಾರ ಈ ಮೂರರ ಮೇಲ್ತುದಿಯಲ್ಲಿರುವವರು ಒಂದೇ ವಲಯಕ್ಕೆ ಸೇರಿದವರು, ಒಬ್ಬರ ಕುರ್ಚಿಗೆ ಇನ್ನೊಬ್ಬರು ಸಲೀಸಾಗಿ ಬಂದು ಕೂರುತ್ತಾರೆ ಎಂದು ವಾದಿಸಿದರು. 1981ರಲ್ಲಿ ಸಂಶೋಧಕ ಗಾರ್ಡನ್ ಆಡಮ್ಸ್ ರಕ್ಷಣಾ ಇಲಾಖೆ, ಸಂಸತ್ತಿನ ಸಮಿತಿಗಳು ಮತ್ತು ಗುತ್ತಿಗೆ ಕಂಪನಿಗಳು ಸೇರಿದ ಗಟ್ಟಿ ತ್ರಿಕೋನವನ್ನು ಕಂಪನಿ ಕಂಪನಿಯಾಗಿ ಬಿಡಿಸಿಟ್ಟರು.

ಈ ಪಂಥಕ್ಕೆ ವ್ಯಕ್ತಿಯ ನೀತಿ ಮುಖ್ಯವಲ್ಲ. ಎಲ್ಲರೂ ಪ್ರಾಮಾಣಿಕರಾಗಿದ್ದರೂ ಖರ್ಚು ಏರುತ್ತಲೇ ಹೋಗುತ್ತದೆ, ಏಕೆಂದರೆ ಬೆದರಿಕೆಯನ್ನು ಅಳೆಯುವವರು, ಅದಕ್ಕೆ ಮದ್ದು ಸೂಚಿಸುವವರು, ಮದ್ದು ಮಾರುವವರು ಎಲ್ಲ ಒಂದೇ ಬಳಗ. 2021ರಲ್ಲಿ ಅಮೆರಿಕದ ರಕ್ಷಣಾ ಕಾರ್ಯದರ್ಶಿಯಾದ ಲಾಯ್ಡ್ ಆಸ್ಟಿನ್ ನಿವೃತ್ತ ಜನರಲ್, ಅದಕ್ಕೆ ಮುಂಚೆ ರೇಥಿಯಾನ್ ಕಂಪನಿಯ ನಿರ್ದೇಶಕರಾಗಿದ್ದವರು. 2017ರಲ್ಲಿ ಆ ಹುದ್ದೆಗೆ ಬಂದ ಜೇಮ್ಸ್ ಮ್ಯಾಟಿಸ್ ಜನರಲ್ ಡೈನಮಿಕ್ಸ್‌ನ ನಿರ್ದೇಶಕರಾಗಿದ್ದರು, ಹುದ್ದೆ ಬಿಟ್ಟ ಮೇಲೆ ಅಲ್ಲಿಗೇ ಮರಳಿದರು. ಸೇನೆ ಬಿಟ್ಟು ಏಳು ವರ್ಷ ಆಗದವರು ರಕ್ಷಣಾ ಕಾರ್ಯದರ್ಶಿ ಆಗಬಾರದೆಂದು ಅಲ್ಲಿನ ಆಗಿನ ಕಾನೂನು ಹೇಳುತ್ತಿತ್ತು. ಇಬ್ಬರಿಗೂ ಸಂಸತ್ತು ವಿಶೇಷ ವಿನಾಯಿತಿ ಕೊಟ್ಟಿತು. 1950ರಲ್ಲಿ ಮಾರ್ಷಲ್‌ಗೆ ಕೊಟ್ಟ ಬಳಿಕ ಅರವತ್ತಾರು ವರ್ಷ ಇಂಥ ವಿನಾಯಿತಿ ಕೊಡುವ ಪ್ರಸಂಗ ಬಂದಿರಲಿಲ್ಲ. ಆಮೇಲೆ ನಾಲ್ಕು ವರ್ಷದಲ್ಲಿ ಎರಡು ಸಲ ಬಂತು.

ಈ ಪಂಥದ ದೌರ್ಬಲ್ಯವೆಂದರೆ ಕೂಟದೊಳಗಿನ ಜಗಳಗಳನ್ನು ಅದು ಕಾಣುವುದಿಲ್ಲ. ಲಾಕ್‌ಹೀಡ್ ಗೆದ್ದರೆ ಬೋಯಿಂಗ್ ಸೋಲುತ್ತದೆ. ವಾಯುಪಡೆಗೆ ಹಣ ಹೋದರೆ ನೌಕಾಪಡೆ ಪ್ರತಿಭಟಿಸುತ್ತದೆ. ಇಂಥ ಪೈಪೋಟಿಯಿಂದಲೇ ಎಷ್ಟೋ ಹಗರಣ ಬಯಲಾಗಿವೆ.

ನಾಳೆಯ ನೌಕರಿ, ಇವತ್ತಿನ ಸಹಿ

ನನ್ನ ಮಟ್ಟಿಗೆ ಅತಿ ಹೆಚ್ಚು ವಿವರಣಾ ಶಕ್ತಿ ಇರುವುದು ಮೂರನೇ ಪಂಥಕ್ಕೆ. ನಿವೃತ್ತಿಯ ಬಳಿಕ ಅಧಿಕಾರಿ ಏನು ಮಾಡುತ್ತಾನೆ ಎಂದು ಉಳಿದವರು ಕೇಳಿದರೆ, ಇದು ನಿವೃತ್ತಿಗೆ ಮುಂಚಿನ ಎರಡು ಮೂರು ವರ್ಷಗಳ ಮೇಲೆ ಕಣ್ಣಿಡುತ್ತದೆ. ನಾಳೆ ತನಗೆ ಕೆಲಸ ಕೊಡಬಹುದಾದ ಕಂಪನಿಯ ಕಡತಕ್ಕೆ ಇವತ್ತು ಸಹಿ ಹಾಕುವವನ ಕೈ ಸ್ವಲ್ಪ ಮೆತ್ತಗಾಗುವುದಿಲ್ಲವೇ?

ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ಡಾರ್ಲೀನ್ ಡ್ರುಯನ್. ಅವರು ಸೈನಿಕರಲ್ಲ, ಅಮೆರಿಕದ ವಾಯುಪಡೆಯ ಖರೀದಿ ವಿಭಾಗದ ಹಿರಿಯ ನಾಗರಿಕ ಅಧಿಕಾರಿ. ಆಕಾಶದಲ್ಲೇ ಇಂಧನ ತುಂಬುವ 100 ಬೋಯಿಂಗ್ ವಿಮಾನಗಳನ್ನು ಗುತ್ತಿಗೆಗೆ ಪಡೆಯುವ ವ್ಯವಹಾರ ಅವರ ಕೈಯಲ್ಲಿದ್ದಾಗಲೇ ಬೋಯಿಂಗ್‌ನಲ್ಲಿ ತಮಗೊಂದು ಹುದ್ದೆಯ ಮಾತು ನಡೆಸಿದರು. ಅವರ ಮಗಳು, ಅಳಿಯ ಆಗಲೇ ಅಲ್ಲಿ ಕೆಲಸಕ್ಕಿದ್ದರು. 2004ರಲ್ಲಿ ತಪ್ಪೊಪ್ಪಿಕೊಂಡು ಒಂಬತ್ತು ತಿಂಗಳ ಸೆರೆವಾಸಕ್ಕೆ ಒಳಗಾದರು. ವ್ಯವಹಾರ ರದ್ದಾಯಿತು. ಬೋಯಿಂಗ್‌ನ ಹಣಕಾಸು ಮುಖ್ಯಸ್ಥನಿಗೂ ಶಿಕ್ಷೆಯಾಯಿತು.

ಇಂಥ ಸ್ಪಷ್ಟ ಪ್ರಕರಣ ಅಪರೂಪ. ಹೆಚ್ಚಿನ ಕಡೆ ಮಾತುಕತೆ, ಪತ್ರ, ಷರತ್ತು ಯಾವುದೂ ಇರುವುದಿಲ್ಲ, ನಿರೀಕ್ಷೆಯೊಂದೇ ಇರುತ್ತದೆ. ಅದನ್ನು ಕೋರ್ಟಿನಲ್ಲಿ ಸಾಬೀತುಪಡಿಸುವುದು ಸಾಧ್ಯವಿಲ್ಲ. ಹಾಗಾಗಿ ಈ ಪಂಥದವರು ಶಿಕ್ಷೆಗಿಂತ ಅಂತರ ಕೇಳುತ್ತಾರೆ. ನಿವೃತ್ತಿಗೂ ಹೊಸ ಕೆಲಸಕ್ಕೂ ನಡುವೆ ಕಡ್ಡಾಯ ವಿರಾಮ ಬೇಕು ಎನ್ನುತ್ತಾರೆ. 2018ನೇ ಸಾಲಿನ ಅಮೆರಿಕದ ರಕ್ಷಣಾ ಕಾಯ್ದೆ ಮೂರು, ನಾಲ್ಕು ನಕ್ಷತ್ರದ ಅಧಿಕಾರಿಗಳು ಎರಡು ವರ್ಷ, ಒಂದು, ಎರಡು ನಕ್ಷತ್ರದವರು ಒಂದು ವರ್ಷ ರಕ್ಷಣಾ ಇಲಾಖೆಯಲ್ಲಿ ಲಾಬಿ ಮಾಡುವಂತಿಲ್ಲ ಎಂದಿತು. ಕಾನೂನು ತಡೆದದ್ದು ಲಾಬಿಯನ್ನು, ಸಂಬಳವನ್ನಲ್ಲ. ಕಂಪನಿಯೊಳಗೆ ಕೂತು ಯಾರನ್ನು ಹೇಗೆ ಕಾಣಬೇಕೆಂದು ಬೇರೆಯವರಿಗೆ ಹೇಳಿಕೊಡಲು ಅಡ್ಡಿಯಿಲ್ಲ.

ಗೌರವ ಯಾರ ಆಸ್ತಿ?

ನಾಲ್ಕನೆಯದು ಸೇನೆಯ ಒಳಗಿನಿಂದಲೇ ಬಂದ ಆಕ್ಷೇಪ. 2008ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿಗಾರ ಡೇವಿಡ್ ಬಾರ್ಸ್ಟೋ, ಇರಾಕ್ ಯುದ್ಧದ ಬಗ್ಗೆ ಟಿವಿ ಚಾನೆಲ್‌ಗಳಲ್ಲಿ ವಿಶ್ಲೇಷಣೆ ಕೊಡುತ್ತಿದ್ದ ನಿವೃತ್ತ ಅಧಿಕಾರಿಗಳಿಗೆ ರಕ್ಷಣಾ ಇಲಾಖೆ ಗುಟ್ಟಾಗಿ ಮಾಹಿತಿ ಒದಗಿಸುತ್ತಿತ್ತು, ಅವರಲ್ಲಿ ಹಲವರಿಗೆ ಯುದ್ಧದ ಗುತ್ತಿಗೆ ಬಯಸುವ ಕಂಪನಿಗಳ ಜೊತೆ ನಂಟಿತ್ತು ಎಂದು ಬಯಲಿಗೆಳೆದರು. ಆ ವರದಿಗೆ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು. ಕಾನೂನು ಮುರಿದಿಲ್ಲವೆಂದು 2011ರಲ್ಲಿ ಇಲಾಖೆಯ ತನಿಖೆ ಹೇಳಿತು. ಹೀಗೆ ಕಾನೂನಿನೊಳಗೇ ಇದ್ದು ನೋಡುಗರಿಗೆ ಮೋಸ ಮಾಡಲು ಸಾಧ್ಯವೆಂಬುದೇ ಈ ಪ್ರಕರಣದ ಕಹಿ ಸತ್ಯ. ನೋಡುಗ ನಂಬಿದ್ದು ಆ ಹೆಸರಿನ ಹಿಂದಿದ್ದ ಪದವಿಯನ್ನು. ಆ ಪದವಿಯ ಘನತೆ ಕಟ್ಟಿದವರು ಸಾವಿರಾರು ಅನಾಮಿಕ ಸೈನಿಕರು.

2016ರಲ್ಲಿ ಇಬ್ಬರು ನಿವೃತ್ತ ಜನರಲ್‌ಗಳು ಎರಡು ಪಕ್ಷಗಳ ಸಮಾವೇಶದಲ್ಲಿ ಭಾಷಣ ಮಾಡಿದಾಗ, ಸೇನಾ ಮುಖ್ಯಸ್ಥರ ಸಮಿತಿಯ ಮಾಜಿ ಅಧ್ಯಕ್ಷ ಮಾರ್ಟಿನ್ ಡೆಂಪ್ಸಿ ವಾಷಿಂಗ್ಟನ್ ಪೋಸ್ಟ್‌ಗೆ ಬಹಿರಂಗ ಪತ್ರ ಬರೆದು ಆಕ್ಷೇಪಿಸಿದರು. ಸೇನೆ ಯಾವ ಪಕ್ಷದ್ದೂ ಅಲ್ಲವೆಂಬ ನಂಬಿಕೆ ಹೋದರೆ ಮುಂದೆ ಸೇವೆಯಲ್ಲಿರುವವರ ಸಲಹೆಯನ್ನು ಯಾವ ಸರ್ಕಾರವೂ ನಂಬದು ಎಂಬುದು ಆ ನಿಲುವಿನ ತಿರುಳು.

ಹಾಗೆ ಭಾಷಣ ಮಾಡಿದವರಲ್ಲಿ ಒಬ್ಬರು ಮೈಕಲ್ ಫ್ಲಿನ್. ರಕ್ಷಣಾ ಗುಪ್ತಚರ ಸಂಸ್ಥೆಯ ಮುಖ್ಯಸ್ಥರಾಗಿ 2014ರಲ್ಲಿ ನಿವೃತ್ತರಾಗಿ ಫ್ಲಿನ್ ಇಂಟೆಲ್ ಗ್ರೂಪ್ ಎಂಬ ಸಲಹಾ ಸಂಸ್ಥೆ ತೆರೆದಿದ್ದರು. ಟರ್ಕಿಯ ಉದ್ಯಮಿಯೊಬ್ಬನ ಡಚ್ ಕಂಪನಿಯಿಂದ ಆ ಸಂಸ್ಥೆಗೆ 5,30,000 ಡಾಲರ್ ಸಂದಿತು. ಟರ್ಕಿ ಸರ್ಕಾರ ತನ್ನ ಶತ್ರುವೆಂದು ಕಾಣುತ್ತಿದ್ದ, ಅಮೆರಿಕದಲ್ಲಿ ನೆಲೆಸಿದ್ದ ಧರ್ಮಗುರು ಗುಲೆನ್ ವಿರುದ್ಧ 2016ರ ಚುನಾವಣೆಯ ದಿನವೇ ಫ್ಲಿನ್ ಅವರ ಲೇಖನ ಪ್ರಕಟವಾಯಿತು. ಓದುಗರಿಗೆ ಆ ಹಣದ ವಿಷಯ ತಿಳಿದಿರಲಿಲ್ಲ. ಕೆಲವೇ ವಾರಗಳಲ್ಲಿ ಅವರು ರಾಷ್ಟ್ರೀಯ ಭದ್ರತಾ ಸಲಹೆಗಾರರಾದರು, ರಷ್ಯಾದ ರಾಯಭಾರಿಯ ಜೊತೆಗಿನ ಮಾತುಕತೆಯ ವಿಚಾರವಾಗಿ ಒಂದು ತಿಂಗಳೊಳಗೆ ರಾಜೀನಾಮೆ ಕೊಟ್ಟರು. ತಮ್ಮ ಕೆಲಸದಿಂದ ಟರ್ಕಿ ಸರ್ಕಾರಕ್ಕೆ ಅನುಕೂಲವಾಗಿರಬಹುದೆಂದು 2017ರ ಮಾರ್ಚ್‌ನಲ್ಲಿ, ಹುದ್ದೆ ಹೋದ ಮೇಲೆ, ಸರ್ಕಾರಕ್ಕೆ ಕಾಗದ ಸಲ್ಲಿಸಿದರು. ಸ್ಕೋಕ್ರಾಫ್ಟ್ ಕೂತಿದ್ದ ಕುರ್ಚಿಯೇ ಇದು.

ವಿದೇಶಿ ಸರ್ಕಾರದ ಸಂಬಳ

ಅಮೆರಿಕದ ಸಂವಿಧಾನ ಸರ್ಕಾರಿ ಹುದ್ದೆಯಲ್ಲಿರುವವರು ಸಂಸತ್ತಿನ ಒಪ್ಪಿಗೆಯಿಲ್ಲದೆ ವಿದೇಶಿ ಸರ್ಕಾರದಿಂದ ಸಂಬಳ ಪಡೆಯುವುದನ್ನು ನಿಷೇಧಿಸುತ್ತದೆ. ಪಿಂಚಣಿ ಪಡೆಯುವ ನಿವೃತ್ತ ಸೈನಿಕರಿಗೂ ಇದು ಅನ್ವಯ. ಆದರೆ ಸೇನಾ ವಿಭಾಗವೂ ವಿದೇಶಾಂಗ ಇಲಾಖೆಯೂ ಅನುಮತಿ ಕೊಟ್ಟರೆ ಕೆಲಸ ಮಾಡಬಹುದು. ಈ ಅನುಮತಿಗಳ ಕಡತವನ್ನು ಮಾಹಿತಿ ಹಕ್ಕಿನಡಿ ಕೋರ್ಟಿಗೆ ಹೋಗಿ ಪಡೆದ ವಾಷಿಂಗ್ಟನ್ ಪೋಸ್ಟ್, 2015ರಿಂದ 500ಕ್ಕೂ ಹೆಚ್ಚು ನಿವೃತ್ತರು ವಿದೇಶಿ ಸರ್ಕಾರಗಳಿಗೆ ಕೆಲಸ ಮಾಡಿದ್ದಾರೆಂದು 2022ರಲ್ಲಿ ಪ್ರಕಟಿಸಿತು. ಸೌದಿ ಅರೇಬಿಯಾದ ರಕ್ಷಣಾ ಸಚಿವಾಲಯಕ್ಕೆ ಸಲಹೆ ಕೊಟ್ಟವರಲ್ಲಿ ಜನರಲ್, ಅಡ್ಮಿರಲ್ ದರ್ಜೆಯ 15 ಮಂದಿ ಇದ್ದರು. ಒಬಾಮಾ ಅವರ ರಾಷ್ಟ್ರೀಯ ಭದ್ರತಾ ಸಲಹೆಗಾರರಾಗಿದ್ದ ಜೇಮ್ಸ್ ಜೋನ್ಸ್ ಅವರ ಸಂಸ್ಥೆಗಳೂ ಅದರಲ್ಲಿ ಸೇರಿದ್ದವು. ಸೌದಿ ಏಜೆಂಟರು ನಡೆಸಿದ ಪತ್ರಕರ್ತ ಖಶೋಗ್ಗಿಯ ಕೊಲೆಯ ಬಳಿಕವೂ ಆ ಕೆಲಸ ನಿಂತಿರಲಿಲ್ಲ.

ಮಿತ್ರರಾಷ್ಟ್ರದ ಸೇನೆ ಗಟ್ಟಿಯಾದರೆ ಅಮೆರಿಕಕ್ಕೇ ಒಳ್ಳೆಯದು, ಸರ್ಕಾರವೇ ಅನುಮತಿ ಕೊಟ್ಟಿದೆ ಎಂಬುದು ಅವರ ಪರವಾದ ವಾದ. ಬ್ರಿಟನ್ 2022ರಲ್ಲಿ ಇನ್ನೊಂದು ಬಗೆಯ ಆಘಾತ ಎದುರಿಸಿತು. ತನ್ನ ಸುಮಾರು 30 ಮಾಜಿ ಪೈಲಟ್‌ಗಳು ಚೀನಾದ ಪೈಲಟ್‌ಗಳಿಗೆ ತರಬೇತಿ ಕೊಡಲು ಹೋಗಿದ್ದಾರೆಂದು ಅಲ್ಲಿನ ರಕ್ಷಣಾ ಸಚಿವಾಲಯ ಎಚ್ಚರಿಕೆ ಹೊರಡಿಸಿತು.

ಕೊಡಗಿನ ಇಬ್ಬರು, ಬೆಂಗಳೂರಿನ ಒಂದು ಕಾರ್ಖಾನೆ

ನಮ್ಮಲ್ಲಿ ಕತೆ ಬೇರೆ ತುದಿಯಿಂದ ಶುರುವಾಯಿತು. ಸ್ವತಂತ್ರ ಭಾರತದ ಮೊದಲ ಭಾರತೀಯ ಸೇನಾಪತಿ, ಕೊಡಗಿನ ಕೆ. ಎಂ. ಕಾರ್ಯಪ್ಪ 1953ರಲ್ಲಿ ನಿವೃತ್ತರಾದ ಕೂಡಲೇ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗೆ ಹೈಕಮಿಷನರ್ ಆಗಿ ಹೋದರು. ಜನಪ್ರಿಯ ಸೇನಾಪತಿಯನ್ನು ದೇಶದ ರಾಜಕೀಯದಿಂದ ದೂರವಿಡುವ ಉದ್ದೇಶ ಇದರಲ್ಲಿತ್ತೆಂಬ ವ್ಯಾಖ್ಯಾನವೂ ಇದೆ. ಕೊಡಗಿನವರೇ ಆದ ಕೆ. ಎಸ್. ತಿಮ್ಮಯ್ಯ ಸೇವೆಯಲ್ಲಿದ್ದಾಗಲೇ ಕೊರಿಯಾದಲ್ಲಿ ಯುದ್ಧಕೈದಿಗಳ ವಿಚಾರಕ್ಕೆಂದು ರಚಿಸಿದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿದ್ದರು. 1961ರಲ್ಲಿ ನಿವೃತ್ತರಾಗಿ, 1964ರಲ್ಲಿ ಸೈಪ್ರಸ್‌ನ ವಿಶ್ವಸಂಸ್ಥೆ ಪಡೆಯ ಮುಖ್ಯಸ್ಥರಾಗಿ ಹೋದರು. 1965ರ ಡಿಸೆಂಬರ್‌ನಲ್ಲಿ ಅಲ್ಲೇ ತೀರಿಕೊಂಡರು. ವಾಯುಪಡೆಯ ಅರ್ಜನ್ ಸಿಂಗ್ ಸ್ವಿಟ್ಜರ್ಲೆಂಡ್‌ಗೆ ರಾಯಭಾರಿಯಾಗಿ, ಕೀನ್ಯಾಗೆ ಹೈಕಮಿಷನರ್ ಆಗಿ ಹೋದರು. ಸರ್ಕಾರ ಕಳಿಸಿತು, ಸರ್ಕಾರವೇ ಸಂಬಳ ಕೊಟ್ಟಿತು. ಹಿತಾಸಕ್ತಿಯ ಪ್ರಶ್ನೆ ಏಳಲಿಲ್ಲ. ಆದರೆ ನೀತಿ ರೂಪಿಸುವ ದೆಹಲಿಯ ಕೋಣೆಗೆ ಅವರನ್ನು ಸೇರಿಸಿಕೊಂಡದ್ದು ಕಡಿಮೆ.

ಉದ್ಯಮದಲ್ಲೂ ಹಾಗೇ. ಬೆಂಗಳೂರಿನ ಎಚ್‌ಎಎಲ್ ಆಡಳಿತ ನೋಡಿಕೊಂಡಿದ್ದ ಪಿ. ಸಿ. ಲಾಲ್ 1969ರಲ್ಲಿ ವಾಯುಪಡೆಯ ಮುಖ್ಯಸ್ಥರಾದರು. ಎಚ್‌ಎಎಲ್ ಅಧ್ಯಕ್ಷರಾಗಿದ್ದ ಎಲ್. ಎಂ. ಕತ್ರೆ 1984ರಲ್ಲಿ ಅದೇ ಹುದ್ದೆಗೇರಿದರು. ವಿಮಾನ ತಯಾರಿಸಿದವರೇ ಅದನ್ನು ಹಾರಿಸುವ ಪಡೆಯ ಮುಖ್ಯಸ್ಥರಾಗುವುದು ಅಮೆರಿಕದಲ್ಲಾಗಿದ್ದರೆ ದೊಡ್ಡ ಗಲಾಟೆಯಾಗುತ್ತಿತ್ತು. ಇಲ್ಲಿ ಕಾರ್ಖಾನೆಯೂ ಸರ್ಕಾರದ್ದೇ ಆದ್ದರಿಂದ ಸಹಜವೆನಿಸಿತು.

2001ರಲ್ಲಿ ರಕ್ಷಣಾ ತಯಾರಿಕೆ ಖಾಸಗಿಯವರಿಗೆ ತೆರೆದುಕೊಂಡಿತು, ವಿದೇಶಿ ಬಂಡವಾಳಕ್ಕೆ ಶೇ 26ರ ಮಿತಿಯಿತ್ತು. 2020ರಲ್ಲಿ ಸ್ವಯಂಚಾಲಿತ ಮಾರ್ಗದ ಮಿತಿ ಶೇ 74ಕ್ಕೆ ಏರಿತು. ಟಾಟಾ, ಎಲ್ ಅಂಡ್ ಟಿ, ಅದಾನಿ, ಕಲ್ಯಾಣಿ ಸಮೂಹಗಳು ಬಂದವು, ನವೋದ್ಯಮಗಳು ಬಂದವು. ಯಲಹಂಕದ ಏರೋ ಇಂಡಿಯಾ ಮಳಿಗೆಗಳಲ್ಲಿ ಸೂಟು ತೊಟ್ಟು ನಿಂತು, ಸಮವಸ್ತ್ರದಲ್ಲಿ ಬಂದವರಿಗೆ ವಿವರಣೆ ಕೊಡುವವರ ನಿಲುವಿನಲ್ಲೇ ಹಳೆಯ ಸೈನಿಕನ ಗುರುತು ಕಾಣುತ್ತದೆ. ಅವರಲ್ಲಿ ಬಹುಪಾಲು ಜನ ಮಾಡುವ ಕೆಲಸ ಪ್ರಾಮಾಣಿಕವಾದದ್ದು, ದೇಶಕ್ಕೆ ಬೇಕಾದದ್ದು.

ಅಪಾಯ ಎಲ್ಲಿದೆ ಎಂಬುದನ್ನು ಒಂದೇ ಅಂಕಿಯಲ್ಲಿ ತೋರಿಸಬಹುದು. ಗಣ್ಯರ ಪ್ರಯಾಣಕ್ಕೆ ಕೊಳ್ಳಬೇಕಿದ್ದ ಹೆಲಿಕಾಪ್ಟರ್ 6,000 ಮೀಟರ್ ಎತ್ತರದಲ್ಲಿ ಹಾರಬೇಕೆಂದು ಮೊದಲಿಗೆ ಷರತ್ತಿತ್ತು. ಅದಕ್ಕೆ ಒಂದೇ ಕಂಪನಿ ಹೊಂದುತ್ತದೆಂಬ ತಕರಾರು ಬಂದು ಅದು 4,500 ಮೀಟರ್‌ಗೆ ಇಳಿಯಿತು, ಒಳಗೆ ಮನುಷ್ಯ ನೆಟ್ಟಗೆ ನಿಲ್ಲುವಂತೆ ಕ್ಯಾಬಿನ್ ಎತ್ತರ 1.8 ಮೀಟರ್ ಇರಬೇಕೆಂಬುದು ಸೇರಿತು. ಅಗಸ್ಟಾ ವೆಸ್ಟ್‌ಲ್ಯಾಂಡ್‌ನ 12 ಹೆಲಿಕಾಪ್ಟರ್‌ಗಳಿಗೆ ಸುಮಾರು 3,600 ಕೋಟಿ ರೂಪಾಯಿಯ ಒಪ್ಪಂದ 2010ರಲ್ಲಿ ಆಯಿತು, 2014ರ ಜನವರಿಯಲ್ಲಿ ರದ್ದಾಯಿತು. ಎತ್ತರ ಇಳಿಸಿದ್ದರ ಹಿಂದೆ ಲಂಚವಿತ್ತೆಂದು ಸಿಬಿಐ ಆರೋಪಿಸಿ, ನಿವೃತ್ತ ವಾಯುಪಡೆ ಮುಖ್ಯಸ್ಥರೊಬ್ಬರನ್ನು 2016ರಲ್ಲಿ ಬಂಧಿಸಿತು. ಅವರು ಆರೋಪ ಅಲ್ಲಗಳೆದಿದ್ದಾರೆ, ಅದು ಹಲವರು ಕೂಡಿ ತೆಗೆದುಕೊಂಡ ತೀರ್ಮಾನ ಎಂದಿದ್ದಾರೆ. ಇಟಲಿಯ ಮೇಲ್ಮನವಿ ಕೋರ್ಟು ಕಂಪನಿಯ ಮುಖ್ಯಸ್ಥರನ್ನು 2018ರಲ್ಲಿ ಖುಲಾಸೆ ಮಾಡಿತು. ತಪ್ಪಾಗಿದೆಯೋ ಇಲ್ಲವೋ ಎಂಬುದನ್ನು ನಮ್ಮ ನ್ಯಾಯಾಲಯ ಹೇಳಬೇಕು. ನಾವು ಗಮನಿಸಬೇಕಾದ್ದು ಇಷ್ಟು: ಅಗತ್ಯಪಟ್ಟಿಯ ಒಂದು ಸಾಲು ಬದಲಾದರೆ ಯಾವ ಕಂಪನಿ ಕಣದಲ್ಲಿ ಉಳಿಯುತ್ತದೆ ಎಂಬುದೇ ಬದಲಾಗುತ್ತದೆ. ಆ ಸಾಲನ್ನು ಓದಬಲ್ಲವರು, ಅದು ಹೇಗೆ ಬರೆಯಲ್ಪಡುತ್ತದೆಂದು ಬಲ್ಲವರು ದೇಶದಲ್ಲಿ ಕೆಲವೇ ಕೆಲವರು. ಅದಕ್ಕೇ ಅವರಿಗೆ ಅಷ್ಟು ಬೆಲೆ.

2012ರಲ್ಲಿ ಆಗಿನ ಸೇನಾ ಮುಖ್ಯಸ್ಥ ವಿ. ಕೆ. ಸಿಂಗ್, ಟಾಟ್ರಾ ವಾಹನಗಳ ಖರೀದಿಗೆ ಒಪ್ಪಿದರೆ 14 ಕೋಟಿ ರೂಪಾಯಿ ಕೊಡುವುದಾಗಿ ನಿವೃತ್ತ ಸೇನಾಧಿಕಾರಿಯೊಬ್ಬರು ಹೇಳಿದರೆಂದು ಬಹಿರಂಗಪಡಿಸಿದರು. ಆ ಅಧಿಕಾರಿ ಅದನ್ನು ನಿರಾಕರಿಸಿ ಮಾನನಷ್ಟ ಮೊಕದ್ದಮೆ ಹೂಡಿದರು. ಟಾಟ್ರಾ ವಾಹನ ಸೇನೆಗೆ ಹೋಗುತ್ತಿದ್ದದ್ದು ಬೆಂಗಳೂರಿನ ಬಿಇಎಂಎಲ್ ಮೂಲಕ. ವಿ. ಕೆ. ಸಿಂಗ್ ನಿವೃತ್ತರಾಗಿ ಎರಡು ವರ್ಷದೊಳಗೆ ವಿದೇಶಾಂಗ ಖಾತೆಯ ರಾಜ್ಯ ಸಚಿವರಾದರು. 2015ರಲ್ಲಿ ಯೆಮೆನ್‌ನಿಂದ 4,600ಕ್ಕೂ ಹೆಚ್ಚು ಭಾರತೀಯರನ್ನು ಕರೆತಂದ ಕಾರ್ಯಾಚರಣೆಯನ್ನು ಜಿಬೂಟಿಯಲ್ಲಿದ್ದುಕೊಂಡು ನೋಡಿಕೊಂಡರು. ಸೈನಿಕನ ಅನುಭವ ವಿದೇಶಾಂಗ ಕೆಲಸಕ್ಕೆ ಒದಗಿಬಂದ ಒಳ್ಳೆಯ ನಿದರ್ಶನ ಅದು.

ವಿದೇಶಾಂಗ ಚರ್ಚೆಗೆ ನಿವೃತ್ತರು ಬರುವ ಇನ್ನೊಂದು ದಾರಿ ಚಿಂತನ ಸಂಸ್ಥೆಗಳದು ಮತ್ತು ಅನಧಿಕೃತ ಮಾತುಕತೆಗಳದು. 1965ರಲ್ಲಿ ಶುರುವಾದ ರಕ್ಷಣಾ ಅಧ್ಯಯನ ಸಂಸ್ಥೆ ಐಡಿಎಸ್‌ಎಯನ್ನು ವಾಯುಪಡೆಯ ಜಸ್ಜಿತ್ ಸಿಂಗ್ ಹದಿನಾಲ್ಕು ವರ್ಷ ಮುನ್ನಡೆಸಿದರು. ಭಾರತ, ಪಾಕಿಸ್ತಾನದ ನಿವೃತ್ತ ಸೇನಾಧಿಕಾರಿಗಳು 2012ರಲ್ಲಿ ಲಾಹೋರ್‌ನಲ್ಲಿ ಕೂತು ಸಿಯಾಚಿನ್‌ನಿಂದ ಎರಡೂ ಸೇನೆ ಹಿಂದೆ ಸರಿಯುವ ಸೂತ್ರ ಮುಂದಿಟ್ಟಾಗ, ಅವರ ಮೇಲೆ ಅತಿ ಕಟುವಾಗಿ ಹರಿಹಾಯ್ದವರು ಇನ್ನಿತರ ನಿವೃತ್ತ ಅಧಿಕಾರಿಗಳೇ. ನಿವೃತ್ತ ಸೈನಿಕರೆಲ್ಲ ಒಂದೇ ದನಿಯವರು ಎಂಬ ಕಲ್ಪನೆ ಹುಸಿ. ಸಲಹೆಗಾರರು ಸಮವಸ್ತ್ರಕ್ಕೆ ಮರಳಿದ್ದೂ ಇದೆ. 2021ರಲ್ಲಿ ನಿವೃತ್ತರಾಗಿ ರಾಷ್ಟ್ರೀಯ ಭದ್ರತಾ ಮಂಡಳಿಯ ಕಾರ್ಯಾಲಯದಲ್ಲಿ ಸಲಹೆಗಾರರಾಗಿದ್ದ ಅನಿಲ್ ಚೌಹಾಣ್ ಅವರನ್ನು 2022ರಲ್ಲಿ ಮೂರೂ ಪಡೆಗಳ ಮುಖ್ಯಸ್ಥರನ್ನಾಗಿ ಮರಳಿ ಸಮವಸ್ತ್ರಕ್ಕೆ ತರಲಾಯಿತು. ನಿವೃತ್ತರನ್ನೂ ಆ ಹುದ್ದೆಗೆ ಪರಿಗಣಿಸುವಂತೆ ಮೊದಲೇ ನಿಯಮ ತಿದ್ದಲಾಗಿತ್ತು.

ಇತ್ಯರ್ಥವಾಗದ ಪ್ರಶ್ನೆಗಳು

ಎಷ್ಟು ಕಾಲದ ವಿರಾಮ ಸಾಕು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ನಮ್ಮಲ್ಲಿ ಹಿರಿಯ ಅಧಿಕಾರಿಗಳು ನಿವೃತ್ತಿಯ ನಂತರದ ಒಂದು ವರ್ಷದೊಳಗೆ ಖಾಸಗಿ ವಾಣಿಜ್ಯ ಉದ್ಯೋಗ ಹಿಡಿಯಲು ಸರ್ಕಾರದ ಅನುಮತಿ ಪಡೆಯಬೇಕು. ಹಿಂದೆ ಇದು ಎರಡು ವರ್ಷವಿತ್ತು. ಒಂದು ಶಸ್ತ್ರದ ಖರೀದಿ ಅಗತ್ಯಪಟ್ಟಿಯಿಂದ ಒಪ್ಪಂದದವರೆಗೆ ಹತ್ತು ವರ್ಷ ಎಳೆಯುವ ದೇಶದಲ್ಲಿ ಒಂದು ವರ್ಷದ ವಿರಾಮಕ್ಕೆ ಅರ್ಥ ಕಡಿಮೆ. ಹಾಗೆಂದು ಹತ್ತು ವರ್ಷ ತಡೆದರೆ 54ಕ್ಕೆ ಮನೆಗೆ ಬಂದವನ ಹೊಟ್ಟೆಪಾಡಿಗೆ ಅನ್ಯಾಯ. ಖರೀದಿ ವಿಭಾಗದಲ್ಲಿ ಕೆಲಸ ಮಾಡಿದವರಿಗೆ ಹೆಚ್ಚು, ಉಳಿದವರಿಗೆ ಕಡಿಮೆ ಎಂಬ ಭೇದ ನ್ಯಾಯವೆನಿಸುತ್ತದೆ. ಎಲ್ಲಿ ಗೆರೆ ಎಳೆಯಬೇಕೆಂಬುದರಲ್ಲಿ ಒಮ್ಮತವಿಲ್ಲ.

ಶಸ್ತ್ರ ವ್ಯವಹಾರದ ಮಧ್ಯವರ್ತಿಗಳನ್ನು ನಿಷೇಧಿಸಬೇಕೋ ನೋಂದಾಯಿಸಬೇಕೋ ಎಂಬುದೂ ಹಾಗೇ. 1980ರ ದಶಕದಲ್ಲಿ ಅವರನ್ನು ದೂರವಿಟ್ಟೆವು, ಬೊಫೋರ್ಸ್ ಫಿರಂಗಿ ಹಗರಣ ಆಯಿತು. 2001ರಲ್ಲಿ ನೋಂದಣಿಗೆ ಕರೆದೆವು, 2016ರ ಖರೀದಿ ನಿಯಮದಲ್ಲಿ ಬಹಿರಂಗಪಡಿಸಿದರೆ ಒಪ್ಪುತ್ತೇವೆ ಎಂದೆವು. ನಿಷೇಧದಿಂದ ಮಧ್ಯವರ್ತಿ ಮಾಯವಾಗಲಿಲ್ಲ, ಮರೆಗೆ ಸರಿದ. ಸರ್ಕಾರಿ ಹುದ್ದೆ ಬಿಟ್ಟವರ ಹೊಸ ಉದ್ಯೋಗಗಳನ್ನು ಪರಿಶೀಲಿಸಲು ಬ್ರಿಟನ್ ಐವತ್ತು ವರ್ಷ ನಡೆಸಿದ ಸಲಹಾ ಸಮಿತಿಗೆ ತಡೆಯುವ ಅಧಿಕಾರವೇ ಇರಲಿಲ್ಲ, 2025ರಲ್ಲಿ ಅದನ್ನು ಮುಚ್ಚಿ ಕೆಲಸವನ್ನು ಬೇರೆ ಸಂಸ್ಥೆಗಳಿಗೆ ಹಂಚಲಾಯಿತು.

ನಿವೃತ್ತರ ಸಲಹೆಯಿಂದ ಖರೀದಿಯ ಬೆಲೆ ಏರುತ್ತದೋ ಗುಣ ಏರುತ್ತದೋ ಎಂಬ ಮೂಲ ಪ್ರಶ್ನೆಗೂ ಅಂತಿಮ ಉತ್ತರವಿಲ್ಲ. ಅಮೆರಿಕದಲ್ಲಿ ಎಣಿಕೆಯಾದರೂ ಇದೆ. ಎಷ್ಟು ಅಧಿಕಾರಿಗಳು ಅನುಮತಿ ಕೇಳಿದರು, ಎಷ್ಟು ಮಂದಿಗೆ ಸಿಕ್ಕಿತು, ಯಾವ ಕಂಪನಿಗೆ ಹೋದರು ಎಂಬುದನ್ನು ನಿಯತವಾಗಿ ಪ್ರಕಟಿಸುವ ಪದ್ಧತಿ ನಮ್ಮಲ್ಲಿಲ್ಲ. ಅದಿಲ್ಲದೆ ನಡೆಯುವ ಚರ್ಚೆಯಲ್ಲಿ ಪ್ರಾಮಾಣಿಕರ ಮೇಲೂ ಅನುಮಾನದ ಕೆಸರು ಹಾರುತ್ತದೆ.

ರಕ್ಷಣಾ ಸಚಿವಾಲಯ ಈ ಅನುಮತಿಗಳ ಪಟ್ಟಿಯನ್ನು ವರ್ಷಕ್ಕೊಮ್ಮೆ ಸಂಸತ್ತಿನ ಮುಂದಿಡಲಿ. ನಮ್ಮ ಸುದ್ದಿವಾಹಿನಿಗಳು ನಿವೃತ್ತ ಅಧಿಕಾರಿಯ ಹೆಸರಿನ ಕೆಳಗೆ ಅವರ ಪದವಿಯ ಜೊತೆ ಈಗಿನ ಸಂಸ್ಥೆಯ ಹೆಸರನ್ನೂ ತೋರಿಸಲಿ. ಎರಡಕ್ಕೂ ಹೊಸ ಕಾನೂನು ಬೇಕಿಲ್ಲ, ಇವತ್ತೇ ಶುರುಮಾಡಬಹುದು.